ವೇಗದ ವಾಹನ ಕಲಿಸಿದ ನಿಧಾನ

ಕೊಂಡ ವಸ್ತುವಿನ ಗುಣವು ಅದು ಮನೆಗೆ ಬಂದ ದಿನ ತಿಳಿಯುವುದಿಲ್ಲ. ಅದರೊಡನೆ ನಾಲ್ಕು ಮಳೆಗಾಲ ಕಳೆದ ಮೇಲೆ, ಮನೆಯ ಸುಖದುಃಖಗಳಲ್ಲಿ ಅದೂ ಪಾಲುಗೊಂಡ ಮೇಲೆ ತಿಳಿಯುತ್ತದೆ. ನಾವು 2022ರ ಕೊನೆಯಲ್ಲಿ ವಿದ್ಯುತ್ ಕಾರೊಂದನ್ನು ಕೊಂಡೆವು. ಮೊದಲ ಮೂರು ವರ್ಷಗಳಲ್ಲಿ ಅದು 58,000 ಕಿ.ಮೀ. ಓಡಿತು. ಮದುವೆ ಮುಂಜಿಗಳಲ್ಲಿ ಭೇಟಿಯಾದ ಬಂಧುಗಳು "ಕೊಳ್ಳಬಹುದೇ?" ಎಂದು ತಪ್ಪದೆ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ನಿವೇದಿಸುತ್ತಿದ್ದೇವೆ. ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಯೂ ಇದರಲ್ಲಿದೆ.

ನಮ್ಮದು ಕಿಯಾ ಇವಿ6. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಮಾದರಿ. ಮುಂದೊಂದು, ಹಿಂದೊಂದು ಮೋಟಾರು, 77.4 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿ, 325 ಅಶ್ವಶಕ್ತಿ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 5.2 ಸೆಕೆಂಡು ಸಾಕೆಂಬುದು ತಯಾರಕರ ಲೆಕ್ಕ. ಬೆಲೆ 60 ಲಕ್ಷ ರೂಪಾಯಿಗಳನ್ನು ಮೀರಿತ್ತು. ಕರ್ನಾಟಕದಲ್ಲಿ ಆಗ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ಇರಲಿಲ್ಲ. 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯವುಗಳಿಗೆ 2024ರಲ್ಲಿ ಆಜೀವ ತೆರಿಗೆ ಬಂದಿತು. 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ ರಸ್ತೆಗಿಳಿದ ಪುಟ್ಟ ರೇವಾ ಕಾರನ್ನು ಕಂಡು ನಕ್ಕವರಲ್ಲಿ ನಾವೂ ಸೇರಿದ್ದೆವು. ಅಂತಹ ನಾವು ನಿವೃತ್ತಿಯ ಹಣದ ದೊಡ್ಡ ಪಾಲನ್ನು ಇದಕ್ಕೆ ಸುರಿದಾಗ ನಮ್ಮ ಶ್ರೀಮತಿಯವರು ಒಂದೇ ಪ್ರಶ್ನೆ ಕೇಳಿದರು: "ಈ ವಯಸ್ಸಿನಲ್ಲಿ ನಮಗೆ ಇಷ್ಟು ವೇಗ ಯಾತಕ್ಕೆ?" "ಅವ್ವನಿಗೆ ವಯಸ್ಸಾಯಿತು. ಊರಿಗೆ ಬೇಗ ಹೋಗಿ ಬರಬಹುದು" ಎಂದು ಉತ್ತರಿಸಿದೆವು. ಅದು ಅರ್ಧ ಸತ್ಯ. ಉಳಿದರ್ಧ ನಮ್ಮ ಚಾಪಲ್ಯ.

ಮೊದಲು ಗೃಹಸ್ಥರ ಲೆಕ್ಕ. ರಾತ್ರಿ ಮನೆಯಲ್ಲಿಯೇ ಚಾರ್ಜಿಗೆ ಹಾಕುತ್ತೇವೆ. ಹಿತಮಿತವಾಗಿ ಓಡಿಸಿದರೆ ಒಂದು ಯೂನಿಟ್ಟಿಗೆ ಐದಾರು ಕಿ.ಮೀ. ಸಾಗುತ್ತದೆ. ಎಂಜಿನ್ ಆಯಿಲ್ ಬದಲಿಸುವ ಮಾತಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ಡೈನಮೋದಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವುದರಿಂದ ಬ್ರೇಕುಗಳು ಇನ್ನೂ ಹೊಸದರಂತಿವೆ. ಆದರೆ ಟೈರುಗಳು ಸವೆದವು. ಎರಡು ಟನ್ನಿನ ಮೈಭಾರ, ಕಾಲಿಟ್ಟೊಡನೆ ನುಗ್ಗುವ ಶಕ್ತಿ, ಮೊದಲ ವರ್ಷ ಸಿಗ್ನಲ್ಲುಗಳಲ್ಲಿ ನಾವು ತೋರಿದ ಹುಡುಗಾಟ, ಇವೆಲ್ಲ ಸೇರಿ 36,000 ಕಿ.ಮೀ.ಗೆ ನಾಲ್ಕನ್ನೂ ಬದಲಿಸಬೇಕಾಯಿತು. ಸದಾ ಭರ್ತಿಯಾಗಿದ್ದರೆ ಇಂತಹ ಬ್ಯಾಟರಿ ಬೇಗ ಮುಪ್ಪಾಗುತ್ತದೆಂದು ನಿತ್ಯವೂ ಶೇಕಡ 80ಕ್ಕೆ ನಿಲ್ಲಿಸುವ ರೂಢಿ ಮಾಡಿಕೊಂಡೆವು. ದೂರದ ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುವುದು.

ಆದರೆ ಎಲ್ಲ ಪ್ರಯಾಣಗಳೂ ಹಿಂದಿನ ರಾತ್ರಿ ತಿಳಿಸಿ ಬರುವುದಿಲ್ಲ.

2024ರ ಏಪ್ರಿಲ್ ತಿಂಗಳ ಒಂದು ಸಂಜೆ ರಾಣೆಬೆನ್ನೂರಿನ ಹತ್ತಿರದ ನಮ್ಮ ಹಳ್ಳಿಯಿಂದ ತಂಗಿಯ ಫೋನು ಬಂದಿತು. "ಅಣ್ಣಾ, ಅವ್ವ ನಿನ್ನ ಹಾದಿ ನೋಡಾಕತ್ತಾಳ. ಈಗ ಹೊಂಟು ಬಾ." ಆರು ಗಂಟೆಗೆ ಹೊರಟೆವು. ಊರು 300 ಕಿ.ಮೀ.; ಬ್ಯಾಟರಿಯಲ್ಲಿ ಎಂದಿನಂತೆ ಶೇಕಡ 80. ತುಮಕೂರು ದಾಟಿದ ಮೇಲೆ ಹೆದ್ದಾರಿ ತೆರವಾಗಿತ್ತು. ಹೆದ್ದಾರಿಯ ಮಿತಿಯಾದ 100ನ್ನು ಮೀರಿ 130ರವರೆಗೂ ಓಡಿಸಿದೆವು. ವಾಹನವು ಸದ್ದಿಲ್ಲದೆ ಸಾಗುತ್ತಿತ್ತು. ಶ್ರೀಮತಿಯವರು ಎರಡು ಸಲ "ನಿಧಾನ" ಎಂದರು. ಅಂದು ಅದನ್ನು ಕೊಂಡದ್ದು ಸಾರ್ಥಕವಾಯಿತೆಂದೇ ನಾವು ಭಾವಿಸಿದ್ದೆವು.

ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 90ರ ವೇಗಕ್ಕೆ ಇರುವ ತಡೆ 130ಕ್ಕೆ ಎರಡು ಪಟ್ಟನ್ನೂ ಮೀರುತ್ತದೆ. ಶಾಲೆಯಲ್ಲಿ ಓದಿದ ಈ ನಿಯಮವು ಚಿತ್ರದುರ್ಗದಲ್ಲಿ ನಮ್ಮೆದುರು ನಿಂತಿತು: ಬ್ಯಾಟರಿಯಲ್ಲಿ ಉಳಿದದ್ದು ಶೇಕಡ 12, ಉಳಿದ ದಾರಿ 100 ಕಿ.ಮೀ. ಹೆದ್ದಾರಿಯ ಬದಿಯ ಚಾರ್ಜಿಂಗ್ ಕೇಂದ್ರದಲ್ಲಿ ಎರಡು ಗನ್ನುಗಳಿದ್ದವು. ಒಂದು ಕೆಟ್ಟಿತ್ತು. ಇನ್ನೊಂದರಲ್ಲಿ ಒಂದು ಕಾರು, ಅದರ ಹಿಂದೆ ಮತ್ತೊಂದು. ನಮ್ಮ ಸರದಿ ಬಂದು, ಬೇಕಾದಷ್ಟು ತುಂಬಿ, ಹೊರಡುವಾಗ ಒಂಬತ್ತೂ ಮುಕ್ಕಾಲು. ಹಳ್ಳಿ ಮುಟ್ಟಿದಾಗ ಹನ್ನೊಂದು ಸಮೀಪಿಸಿತ್ತು.

ತಂಗಿ ಬಾಗಿಲಲ್ಲಿಯೇ ಕುಳಿತಿದ್ದಳು. "ಹತ್ತರ ತನಕ ಮಾತಾಡಿದ್ಲು. 'ಬಂದನೇನು' ಅಂತ ಎರಡು ಸರತಿ ಕೇಳಿದ್ಲು" ಎಂದಳು. ಆ ಮೇಲೆ ಮಾತು ನಿಂತಿತ್ತು. ಕೈ ಹಿಡಿದುಕೊಂಡೆವು, ಬೆರಳುಗಳು ಅಲುಗಿದಂತಾಯಿತು. ನಮ್ಮ ದನಿ ಆಕೆಗೆ ಕೇಳಿಸಿತೆಂದು ನಂಬಿದ್ದೇವೆ. ಮೂರನೆಯ ದಿನ ಅವ್ವ ಲಿಂಗೈಕ್ಯಳಾದಳು.

ಆ ರಾತ್ರಿ ಹಳ್ಳಿಯಲ್ಲಿ ಕರೆಂಟು ಹೋಯಿತು. ಮನೆ ತುಂಬ ಜನ, ಅಂಗಳದಲ್ಲಿ ಭಜನೆಯವರು. ಈ ಕಾರಿನಿಂದ ಹೊರಗಿನ ದೀಪಗಳಿಗೆ ವಿದ್ಯುತ್ ಕೊಡುವ ಅನುಕೂಲವಿದೆ. ತಂಗಿಯ ಮಗನು ವೈರು ಎಳೆದು ನಾಲ್ಕು ಬಲ್ಬುಗಳನ್ನು ಕಟ್ಟಿದನು. ಅವು ಬೆಳಗಿನವರೆಗೂ ಉರಿದವು. ಬ್ಯಾಟರಿ ಇಳಿದದ್ದು ಅತ್ಯಲ್ಪ. ಅವ್ವನ ಮುಖದ ಮೇಲೆ ಬೆಳಕಿತ್ತು. ಓಡಿ ಬಂದು ಮಾಡಲಾಗದ ಸೇವೆಯನ್ನು ಆ ವಾಹನವು ನಿಂತಲ್ಲಿಯೇ ಮಾಡಿತು.

ತಿಂಗಳ ಕಾರ್ಯಕ್ಕೆ ಮತ್ತೆ ಊರಿಗೆ ಹೊರಟಾಗ ಬೇಕೆಂದೇ ಶೇಕಡ 80ಕ್ಕೆ ತುಂಬಿಸಿ, 90 ಮೀರದಂತೆ ಓಡಿಸಿದೆವು. ಎಲ್ಲಿಯೂ ನಿಲ್ಲಲಿಲ್ಲ. ಮೂರೂವರೆ ಗಂಟೆಗೆ ಹಳ್ಳಿ ಬಂದಿತು. ಬ್ಯಾಟರಿಯಲ್ಲಿ ಇನ್ನೂ ಶೇಕಡ 13 ಇತ್ತು. ಅಂದು ಹೀಗೆಯೇ ಬಂದಿದ್ದರೆ ಒಂಬತ್ತೂವರೆಗೆ ಬಾಗಿಲಲ್ಲಿರುತ್ತಿದ್ದೆವು. ವಾಹನದಲ್ಲಿ ಕೊರತೆಯಿರಲಿಲ್ಲ, ಬ್ಯಾಟರಿಯಲ್ಲಿಯೂ ಇರಲಿಲ್ಲ. ಈ ಲೆಕ್ಕವನ್ನು ತಂಗಿಗೆ ಇಂದಿಗೂ ಹೇಳಿಲ್ಲ. ಈ ಪುಟಗಳಲ್ಲಿಯೇ ಅವಳು ಓದಲಿ.

ಆದುದರಿಂದ ಕೇಳುವ ಬಂಧುಗಳಿಗೆ ನಮ್ಮ ಉತ್ತರವಿಷ್ಟೆ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು, ಸಾಲವಿಲ್ಲದೆ ಕೊಳ್ಳಬಲ್ಲವರಾದರೆ ಕೊಳ್ಳಬಹುದು. ದೂರದೂರಿನಲ್ಲಿ ಹಿರಿಯರಿದ್ದವರು ಬ್ಯಾಟರಿಯ ಆಯುಷ್ಯದ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು ಹೆಚ್ಚು ತುಂಬಿಸಿಟ್ಟುಕೊಳ್ಳುವುದು ಲೇಸು. ವಾಹನದಲ್ಲಿರುವ ವೇಗವನ್ನೆಲ್ಲ ಬಳಸಲೇಬೇಕೆಂಬ ನಿಯಮವಿಲ್ಲ. ಫೋನಿನಲ್ಲಿ "ಹೊರಟೆವು" ಎಂದಾಗಲೆಲ್ಲ ಅವ್ವ ಹೇಳುತ್ತಿದ್ದಳು: "ನಿದಾನಕ್ಕ ಬಾರಪಾ, ನಾ ಎಲ್ಲಿಗೂ ಹೋಗೂದಿಲ್ಲ." ಈಗ ಹೆದ್ದಾರಿಯಲ್ಲಿ ಮುಳ್ಳು 90ರ ಬಳಿ ಬಂದೊಡನೆ ನಮ್ಮ ಕಾಲು ತಾನಾಗಿ ಸಡಿಲವಾಗುತ್ತದೆ.