ಚಂದ್ರನ ಅಂಚಿಗೆ ಕಣ್ಣಿಟ್ಟ ರಾತ್ರಿಗಳು

28 ನವೆಂಬರ್ 2023, ಮಂಗಳವಾರ
ಚಿತ್ರದುರ್ಗ

ನಿನ್ನೆ ಕಾರ್ತಿಕ ಹುಣ್ಣಿಮೆ. ಹುಣ್ಣಿಮೆ ಚಂದ್ರ ಟೆಲಿಸ್ಕೋಪಿಗೆ ಸಪ್ಪೆ ಎನ್ನುತ್ತಾರೆ. ನಡುಭಾಗದ ಮಟ್ಟಿಗೆ ಅದು ನಿಜ, ಅಲ್ಲಿ ನೆರಳೇ ಇರುವುದಿಲ್ಲ. ಆದರೆ ಹುಣ್ಣಿಮೆಯ ಮಾರನೆಯ ದಿನ ಪೂರ್ವದ ಅಂಚಿನಿಂದ ಕತ್ತಲು ಒಳಗೆ ಬರತೊಡಗುತ್ತದೆ. ಆ ಅಂಚಿನ ಕುಳಿಗಳಲ್ಲಿ ಆಗ ಸೂರ್ಯಾಸ್ತ. ಅದರ ಜೊತೆಗೆ ಚಂದ್ರನ ತೂಗಾಟವೂ ಅದೇ ರಾತ್ರಿ ಕೂಡಿ ಬರಬೇಕು. ಈ ಸಲ ಬಂದಿದೆ.

ಲೈಬ್ರೇಷನ್ ಎನ್ನುವ ಈ ತೂಗಾಟದ ಲೆಕ್ಕ ನನಗೆ ಎಷ್ಟು ಸಲ ಹಾಕಿದರೂ ಬೇಸರ ತರಿಸಿಲ್ಲ. ಚಂದ್ರ ತನ್ನ ಅಕ್ಷದ ಮೇಲೆ ಒಂದೇ ಹದದಲ್ಲಿ ತಿರುಗುತ್ತಾನೆ. ಭೂಮಿಯ ಸುತ್ತಲಿನ ದಾರಿ ಮಾತ್ರ ದೀರ್ಘವೃತ್ತ. ಅಲ್ಲಿ ವೇಗ ಒಂದೇ ಸಮ ಇರುವುದಿಲ್ಲ. 22ರ ನಸುಕಿನಲ್ಲಿ ಅವನು ಭೂಮಿಗೆ ಹತ್ತಿರ ಬಂದು ಬಿರುಸಾಗಿ ಸಾಗಿದ, ಮೈ ತಿರುಗುವುದು ಅಷ್ಟು ಬೇಗ ಆಗಲಿಲ್ಲ. ಹಾಗಾಗಿ ವಾರ ಕಳೆದು ಈಗ ಪೂರ್ವದ ಕೆನ್ನೆ ಐದು ಡಿಗ್ರಿಗೂ ಹೆಚ್ಚು ನಮ್ಮತ್ತ ಹೊರಳಿದೆ. ಕಕ್ಷೆಯ ಓರೆಯಿಂದಾಗಿ ದಕ್ಷಿಣವೂ ಹೆಚ್ಚುಕಡಿಮೆ ಅಷ್ಟೇ ಬಾಗಿದೆ. ಚಂದ್ರ ಹುಟ್ಟುವ ಹೊತ್ತಿಗೆ ನಾವು ನಿಂತ ಜಾಗದ ದೆಸೆಯಿಂದಲೇ ಪೂರ್ವದಂಚಿನಾಚೆ ಇನ್ನೊಂದು ಡಿಗ್ರಿಯಷ್ಟು ಕಾಣುತ್ತದೆ, ಮುಳುಗುವಾಗ ಪಶ್ಚಿಮದಂಚಿನಾಚೆ. ಇವೆಲ್ಲ ಸೇರಿಯೇ ಕಾಲಾಂತರದಲ್ಲಿ ಶೇ. 50ರ ಬದಲು ಶೇ. 59ರಷ್ಟು ಚಂದ್ರ ನಮ್ಮ ಕಣ್ಣಿಗೆ ದಕ್ಕುವುದು.

ಎಂಟೂವರೆಗೆ ಚಂದ್ರ ಪಕ್ಕದ ಮನೆಯ ನೀರಿನ ಟ್ಯಾಂಕು ದಾಟಿ ಮೇಲೆ ಬಂದ. ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್, 10 ಮಿ.ಮೀ. ಐಪೀಸ್, 120 ಪಟ್ಟು. ಅಂಚೆಲ್ಲ ಕುದಿಯುತ್ತಿತ್ತು. ಕಣ್ಣು ತೆಗೆಯದೆ ಕಾದರೆ ಗಾಳಿ ಒಂದೆರಡು ಕ್ಷಣ ನಿಲ್ಲುತ್ತದೆ. ನೋಡಬೇಕಾದ್ದನ್ನು ಆಗಲೇ ನೋಡಿಬಿಡಬೇಕು.

ಹಂಬೋಲ್ಟ್ ಸಿಕ್ಕಿತು. ಅಡ್ಡಳತೆ ಸುಮಾರು 200 ಕಿ.ಮೀ., ದುರ್ಗದಿಂದ ಬೆಂಗಳೂರಿಗೆ ಇರುವಷ್ಟು. ಓರೆನೋಟದಲ್ಲಿ ಅಷ್ಟು ದೊಡ್ಡ ಕುಳಿಯೂ ಕಿರಿದಾಗಿ ಕುಗ್ಗಿದೆ. ನೆಲವೆಲ್ಲ ಕತ್ತಲು. ಆ ಕತ್ತಲ ನಡುವೆ ನಡುಶಿಖರಗಳ ತುದಿ ಮಾತ್ರ ಬಿಳಿಯ ಚುಕ್ಕೆಗಳಾಗಿ ನಿಂತಿದ್ದವು. ಅದರಾಚೆ ಪೂರ್ವದ ಗೋಡೆಯ ನೆತ್ತಿ ಕೊನೆಯ ಬಿಸಿಲು ಹಿಡಿದಿತ್ತು, ಅಲ್ಲಲ್ಲಿ ತುಂಡಾದ ಒಂದು ಗೆರೆ. ನೋಡುತ್ತಿದ್ದ ಹಾಗೆ ಆ ಗೆರೆಯ ಒಂದು ತುಣುಕು ಆರಿಹೋಯಿತು. ಅಲ್ಲಿ ಇನ್ನು ಎರಡು ವಾರ ರಾತ್ರಿ.

ಕೋಪರ್ನಿಕಸ್, ಟಾಲೆಮಿಯಸ್ ಮುಂತಾದ ನಡುವಿನ ಕುಳಿಗಳನ್ನು ನಾವು ಹೆಚ್ಚುಕಡಿಮೆ ಮೇಲಿನಿಂದ ನೋಡುತ್ತೇವೆ. ಅದು ನಕ್ಷೆ ಓದುವ ಸುಖ. ಅಂಚಿನಲ್ಲಿ ಎದುರಿನ ಗೋಡೆ ಎದ್ದು ನಿಲ್ಲುತ್ತದೆ, ಈಚೆಯ ಗೋಡೆ ಒಳಗಿನ ನೆಲವನ್ನು ಮರೆಮಾಡುತ್ತದೆ, ಶಿಖರಕ್ಕೆ ಎತ್ತರ ಬರುತ್ತದೆ. ಚಂದ್ರ ಕಾಲಿಟ್ಟು ನಡೆಯಬಹುದಾದ ನೆಲ ಎಂದು ನನಗೆ ಅನ್ನಿಸುವುದು ಅಂಚಿನಲ್ಲಿ ಮಾತ್ರ.

ಈ ಕುಳಿ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಹಂಬೋಲ್ಟನ ಹೆಸರಿನದು. ತಮ್ಮ ಅಲೆಕ್ಸಾಂಡರನಿಗೆ ಇದೇ ಅಂಚಿನ ಉತ್ತರದಲ್ಲಿ ಒಂದು ಮೇರ್ (ಕಪ್ಪು ಬಯಲು) ಇದೆ. ನಮ್ಮ ಮೇಘನಾದ ಸಹಾ ಅವರ ಕುಳಿಯೂ ಈ ಕಡೆಯದೇ, ಆದರೆ ಅದರ ನಡುಬಿಂದು 102 ಡಿಗ್ರಿ ಪೂರ್ವವನ್ನೂ ದಾಟಿದೆ. ಚಂದ್ರ ಎಂಟು ಡಿಗ್ರಿ ತೂಗಿದರೂ ಅದು ಇತ್ತ ಬರುವುದಿಲ್ಲ.

1 ಡಿಸೆಂಬರ್ 2023, ಶುಕ್ರವಾರ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಂತೆ. ತೆಳುಮೋಡ ಹಾಯುತ್ತಿದ್ದರೂ ಮಧ್ಯರಾತ್ರಿಗೆ ಜಾಗ ಬಿಟ್ಟುಕೊಟ್ಟಿತು. ಇವತ್ತು ದಕ್ಷಿಣ ಧ್ರುವ ಆರೂವರೆ ಡಿಗ್ರಿಯಷ್ಟು ನಮ್ಮತ್ತ ಬಾಗಿದೆ; ಇದಕ್ಕಿಂತ ಹೆಚ್ಚು ಬಾಗುವುದು ತೀರಾ ಕಡಿಮೆ. ತಂಗಿಯ ಮಗ ಪರೀಕ್ಷೆಗೆ ಓದುತ್ತಿದ್ದವನು ಪುಸ್ತಕ ಮುಚ್ಚಿ ತಾರಸಿಗೆ ಬಂದ.

"ಮಾಮ, ವಿಕ್ರಂ ಕಾಣ್ತದಾ?"

"ಇಲ್ಲ ಕಣೋ. ಈ ಕನ್ನಡಿಗೆ ಒಂದು ಕಿಲೋಮೀಟರಿಗಿಂತ ಸಣ್ಣದು ಬಿಡಿಸಿ ಕಾಣಲ್ಲ. ವಿಕ್ರಂ ಎರಡು ಮೀಟರಿಂದು. ಅದು ಇಳಿದ ಜಾಗ ತೋರಿಸ್ತೀನಿ, ಬಾ."

ಮ್ಯಾಂಜಿನಸ್, ಬೊಗುಸ್ಲಾವ್ಸ್ಕಿ. ಎರಡೂ 100 ಕಿ.ಮೀ.ಗೆ ಹತ್ತಿರದ ಕುಳಿಗಳು. ಬೊಗುಸ್ಲಾವ್ಸ್ಕಿಯ ಒಳಗೆ ಆಗಲೇ ಕತ್ತಲು, ಗೋಡೆಯ ಅಂಚಷ್ಟೇ ಹೊಳೆಯುತ್ತಿತ್ತು. ಮ್ಯಾಂಜಿನಸ್‌ನ ನುಣುಪಾದ ನೆಲದ ಮೇಲೆ ಪಶ್ಚಿಮದ ಗೋಡೆಯ ನೆರಳು ಚಾಚಿಕೊಂಡಿತ್ತು. ಇವೆರಡರ ನಡುವಿನ ಏರುತಗ್ಗಿನ ನೆಲವೇ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ವಿಕ್ರಂ ಇಳಿದ ಜಾಗ, ಸುಮಾರು 69 ಡಿಗ್ರಿ ದಕ್ಷಿಣ. ಉತ್ತರ ಧ್ರುವ ಇಷ್ಟೇ ಬಾಗಿದ ದಿನ ಈ ನೆಲ ಇದರ ಅರ್ಧದಷ್ಟು ಅಗಲಕ್ಕೆ ಮುದುಡಿರುತ್ತದೆ. ಹುಡುಗ ಬಹಳ ಹೊತ್ತು ಐಪೀಸಿನಿಂದ ಏಳಲಿಲ್ಲ. ನಾಳೆ ರಾತ್ರಿಯ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುತ್ತಾನೆ. ಸೆಪ್ಟೆಂಬರಿನಲ್ಲಿ ಮಲಗಿಸಿದ ಲ್ಯಾಂಡರ್ ಮತ್ತೆ ಏಳಲಿಲ್ಲ, ಆದರೂ ಅಲ್ಲಿ ಬೆಳಗಾಗುವುದೂ ಸಂಜೆಯಾಗುವುದೂ ಈಗ ನಮಗೆ ಸಂಬಂಧಪಟ್ಟ ವಿಷಯ.

ನಮ್ಮ ಜಿಲ್ಲೆಗಂತೂ ಇನ್ನಷ್ಟು ಹತ್ತಿರದ ನಂಟು. ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳ ಮಾದರಿ ತೋಡಿಸಿ, ಮೇಲೆ ವಿಮಾನ ಹಾರಿಸಿತ್ತು. ಅಡಿಕೆ, ಶೇಂಗಾ, ಮಳೆಯ ಕೊರತೆ ಎಂದಷ್ಟೇ ಸುದ್ದಿಯಾಗುವ ಸೀಮೆಗೆ ಇದೂ ಸೇರಿದೆ ಎಂಬುದು ನನಗೆ ದೊಡ್ಡ ಹೆಮ್ಮೆ.

4 ಡಿಸೆಂಬರ್ 2023, ಸೋಮವಾರ

ಮೋಡ. ಕರಾವಳಿಯಾಚೆ ಚಂಡಮಾರುತ. ಓದಿದ್ದಷ್ಟೇ ಬಂತು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಜೆರಾರ್ಡ್ ಕೈಪರ್ ಅವರ ತಂಡ ಮಾಡಿದ ಕೆಲಸ. ಭೂಮಿಯಿಂದ ತೆಗೆದ ಚಂದ್ರನ ಫೋಟೋಗಳನ್ನು ಬಿಳಿಯ ಗೋಳದ ಮೇಲೆ ಬೀಳಿಸಿ, ಆ ಗೋಳವನ್ನು ಪಕ್ಕದಿಂದ ನೋಡುವುದು. ಅಂಚಿನಲ್ಲಿ ಮುದುಡಿದ್ದೆಲ್ಲ ಆಗ ಬಿಚ್ಚಿಕೊಳ್ಳುತ್ತದೆ. ವಿದ್ಯಾರ್ಥಿಯಾಗಿದ್ದ ವಿಲಿಯಂ ಹಾರ್ಟ್‌ಮನ್ ಹಾಗೆ ನೋಡುತ್ತಿದ್ದಾಗ, ಪಶ್ಚಿಮದಂಚಿನಲ್ಲಿ ಬಿಡಿಬಿಡಿ ಬೆಟ್ಟಗಳೆಂದು ತಿಳಿದಿದ್ದವೆಲ್ಲ ಒಂದರೊಳಗೊಂದು ಬಳೆಗಳಾಗಿ ಕಂಡವು. ಅದೇ ಓರಿಯೆಂಟೇಲ್ ಬೇಸಿನ್, ಹೊರಬಳೆಯ ಅಡ್ಡಳತೆ ಸುಮಾರು 930 ಕಿ.ಮೀ. ಇಬ್ಬರೂ ಅದನ್ನು 1962ರಲ್ಲಿ ಪ್ರಕಟಿಸಿದರು. ಲೂನಾರ್ ಆರ್ಬಿಟರ್-4 ನೇರ ಮೇಲಿನಿಂದ ಅದರ ಚಿತ್ರ ತೆಗೆದದ್ದು 1967ರಲ್ಲಿ. ನೌಕೆ ಹೋಗುವ ಐದು ವರ್ಷ ಮೊದಲೇ, ಇದ್ದ ಫೋಟೋಗಳಿಂದಲೇ ಇಷ್ಟು ದೊಡ್ಡದೊಂದು ಹೊರಬಂತಲ್ಲ! ಅಂಚನ್ನು ತಾಳ್ಮೆಯಿಂದ ನೋಡಿದವರಿಗೆ ಸಿಕ್ಕ ಫಲ ಅದು.

21 ಮೇ 2024, ಮಂಗಳವಾರ

ಮಧ್ಯಾಹ್ನ ಮಳೆ ಹುಯ್ದು ಧೂಳು ಅಡಗಿದೆ. ವೈಶಾಖ ಶುದ್ಧ ತ್ರಯೋದಶಿ. ತೂಗಾಟ ಈಗ ನವೆಂಬರಿಗೆ ತದ್ವಿರುದ್ಧ: ಚಂದ್ರ ಭೂಮಿಗೆ ದೂರವಾಗಿದ್ದು ನಾಲ್ಕು ದಿನದ ಹಿಂದೆ, ಉತ್ತರವೂ ಪಶ್ಚಿಮವೂ ಸುಮಾರು ಮೂರರಿಂದ ನಾಲ್ಕು ಡಿಗ್ರಿ ಇತ್ತ ಬಾಗಿವೆ. ವಾಯವ್ಯದಂಚಿನಲ್ಲಿ ಪೈಥಾಗೊರಸ್‌ಗೆ ಸೂರ್ಯೋದಯವಾಗಿ ಹೆಚ್ಚು ಹೊತ್ತಾಗಿಲ್ಲ.

ಗಾಳಿ ಎಷ್ಟು ನಿಶ್ಚಲವಾಗಿತ್ತೆಂದರೆ 200 ಪಟ್ಟಿಗೂ ಚಿತ್ರ ಕದಡಲಿಲ್ಲ. ಸುಮಾರು 140 ಕಿ.ಮೀ. ಅಗಲದ ಕುಳಿ, ಗೋಡೆಯ ನೆತ್ತಿಯಿಂದ ನೆಲಕ್ಕೆ ಐದು ಕಿ.ಮೀ. ಆಳ. ಪೂರ್ವದ ಅರ್ಧ ನೆಲ ಕಪ್ಪು ನೆರಳಲ್ಲಿ. ನಡುವೆ ಜೋಡಿಶಿಖರ ಪೂರ್ತಿ ಬೆಳಗಿತ್ತು, ಎರಡು ತುದಿಗಳ ನಡುವಿನ ಕಣಿವೆಯೂ ಬಿಡಿಸಿ ಕಂಡಿತು. ಅದರ ಹಿಂದೆ ಪಶ್ಚಿಮದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕುಸಿದಿರುವುದು, ಪ್ರತಿ ಮೆಟ್ಟಿಲಿಗೂ ತನ್ನದೇ ತೆಳು ನೆರಳು. ನವೆಂಬರಿನ ಹುಣ್ಣಿಮೆಗೆ ಮೊದಲು ಇದೇ ಕುಳಿ ಇದರ ಅರ್ಧದಷ್ಟೂ ಅಗಲವಿರಲಿಲ್ಲ. ಪುಸ್ತಕದಲ್ಲಿ ಒಂದು ಚಿತ್ರ ನೋಡಿ ಮುಗಿಸುವವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅದಕ್ಕೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪೆನ್ಸಿಲಿನಲ್ಲಿ ಬರೆದುಕೊಂಡೆ. ಹನ್ನೊಂದರ ಸುಮಾರಿಗೆ ಮತ್ತೆ ನೋಡಿದಾಗ ನೆರಳಿನ ಗಡಿ ಪೂರ್ವಕ್ಕೆ ಸರಿದಿತ್ತು. ಮೊದಲ ಚಿತ್ರದ ಪಕ್ಕದಲ್ಲೇ ಇನ್ನೊಂದು ಬರೆದೆ. ನಾಳೆ ಬಿಸಿಲು ಗ್ರಿಮಾಲ್ಡಿ ಕುಳಿಯಿಂದಾಚೆಗೆ ಸಾಗಿ ಓರಿಯೆಂಟೇಲ್‌ನ ಹೊರಬಳೆ, ಕಾರ್ಡಿಲ್ಲೆರಾ ಬೆಟ್ಟಗಳ ಈಚೆಯ ಇಳಿಜಾರಿಗೆ ತಾಕುತ್ತದೆ. ಮಳೆ ಬಿಟ್ಟರೆ ಒಂಬತ್ತಕ್ಕೆಲ್ಲ ಮೇಲೆ ಹೋಗಬೇಕು.