ಅರೆಬರೆಯ ಪರಿಚಯ

ಶೆಟ್ಟಿಕೊಪ್ಪದ ಕಡೆ ಹೊಸದಾಗಿ ಬಂದು ನೆಲೆಸಿದವನಿಗೆ ಯಕ್ಷಗಾನದ ಪರಿಚಯ ಮೊದಲು ಆಗುವುದು ಕಿವಿಯಿಂದ. ಗದ್ದೆಯಾಚೆ ಇರುಳೆಲ್ಲ ಚೆಂಡೆಯ ಸದ್ದು. ಅದೇನೆಂದು ನೆರೆಯವನನ್ನು ಕೇಳಿದರೆ, "ರಾಕ್ಷಸರ ಕುಣಿತ, ನಗಿಸಲು ಹಾಸ್ಯಗಾರನೂ ಇದ್ದಾನೆ, ಬನ್ನಿ" ಎನ್ನುತ್ತಾನೆ. ಪರಿಚಯ ಅಷ್ಟೇ! ಹೊಸಬನು ಹೋಗಿ ಬಣ್ಣದ ವೇಷದ ಅಬ್ಬರಕ್ಕೆ ಬೆರಗಾಗುತ್ತಾನೆ, ಹಾಸ್ಯಕ್ಕೆ ನಗುತ್ತಾನೆ, ನಡುರಾತ್ರಿಗೆ ಚಾಪೆಯ ಮೇಲೆ ಒರಗುತ್ತಾನೆ. ಆಟವನ್ನೆಲ್ಲ ನಡೆಸುವ ಭಾಗವತರು ಅವನ ಕಣ್ಣಿಗೇ ಬೀಳುವುದಿಲ್ಲ.

ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದವರಿಗಾದರೋ ಚೆಂಡೆ ಹೊಸದಲ್ಲ. ಅದರ ಬೆನ್ನಿಗೆ ಬರುವ ಕನ್ನಡದ ಮಾತು ಹೊಸದು.

ಮಾತು ತಿಳಿಯದವರಿಗಾಗಿ ಮಾತನ್ನೇ ಬಿಡಬಹುದೆ? ಶಿವರಾಮ ಕಾರಂತರು ಹಾಗೆ ಮಾಡಿದರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರಿಗೆ ಕಲೆಯ ಅರಿವು ಕಡಿಮೆಯಿರಲಿಲ್ಲ. ಹಾಡು, ನೃತ್ಯಗಳನ್ನಷ್ಟೇ ಉಳಿಸಿದ ಅವರ ಕಿರಿದಾದ ಪ್ರಯೋಗಗಳನ್ನು ಕಂಡು ಮುನಿದವರುಂಟು. ಮುನಿಸು ಅಕಾರಣವಲ್ಲ, ಆದರೆ ಆ ಕಿರುಬಾಗಿಲಿನಿಂದ ಒಳಬಂದವರೂ ಉಂಟು.

ಮಳೆ ಹಿಡಿದು ಮೇಳಗಳ ತಿರುಗಾಟ ನಿಂತಾಗ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಪದ್ಯ ಮುಗಿದೊಡನೆ ಅರ್ಥಧಾರಿಯು ಅದನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಬರೆದಿಟ್ಟ ಸಂಭಾಷಣೆ ಎಂಬುದಿಲ್ಲ. ಕೃಷ್ಣನು ಕೇಳಿದ್ದಕ್ಕೆ ಕೌರವನು ಕುಳಿತಲ್ಲಿಯೇ ಉತ್ತರ ಹುಡುಕಬೇಕು. ರಾಕ್ಷಸರನ್ನು ನೋಡಲು ಬಂದಿದ್ದ ಹೊಸಬನು ಈಗ ನಿದ್ದೆ ಮರೆತು ಕೇಳುತ್ತಾನೆ. ನೆರೆಯವನತ್ತ ಬಾಗಿ, "ಅಣ್ಣಾ, ಭಾಗವತರು ಆ ಪದ್ಯವನ್ನು ಮತ್ತೊಮ್ಮೆ ಎತ್ತಿಕೊಂಡದ್ದೇಕೆ?" ಎನ್ನುತ್ತಾನೆ. ಕರೆತಂದವನಿಗೆ ಉತ್ತರ ಹೊಳೆಯದು. ಅವನೂ ಕಿವಿಗೊಟ್ಟು ಕುಳಿತುಕೊಳ್ಳುತ್ತಾನೆ.