ಹದಿನೈದು ದಾಟಿದ, ಐವತ್ತು ಮುಟ್ಟದ ಕಾರುಗಳು

ಕಾರಿನ ಹುಚ್ಚಿರೋ ನಾಲ್ಕು ಜನರನ್ನ ಒಂದು ಕಡೆ ಕೂರಿಸಿ ನೋಡಿ, ಐದು ಅಭಿಪ್ರಾಯ ಬರುತ್ತೆ. ನಮ್ಮ ಗುಂಪಿನಲ್ಲೂ ಅಷ್ಟೇ. ಶನಿವಾರ ಬೆಳಗಿನ ಕಾಫಿಗೆ ಸೇರಿದರೆ ಆಫೀಸು, ಅಪ್ರೈಸಲ್ಲು ಎಲ್ಲ ಐದು ನಿಮಿಷಕ್ಕೆ ಮುಗಿದು, ಉಳಿದ ಎರಡು ಗಂಟೆ ಬರೀ ಕಾರೇ.

ಒಬ್ಬನಿಗೆ ಕ್ಲಾಸಿಕ್ ಬಿಟ್ಟು ಬೇರೇನೂ ಬೇಡ. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಕ್ರೋಮ್ ಬಂಪರ್ರು... "ಕಾರು ಅಂದ್ರೆ ಮುಖ ಇರಬೇಕು ಕಣೋ" ಅಂತಾನೆ. ಇನ್ನೊಬ್ಬ ಅಂಕಿ-ಅಂಶದ ಮನುಷ್ಯ. ಈಗಿನ ಒಂದು ಲೀಟರ್ ಟರ್ಬೊ ಎಂಜಿನ್ನೇ 120 ಕುದುರೆಶಕ್ತಿ ಕೊಡುವಾಗ ಹಳೇದರ ಹಿಂದೆ ಯಾಕೆ ಓಡಬೇಕು ಅನ್ನೋದು ಅವನ ವಾದ. ಲೆಕ್ಕದಲ್ಲಿ ಅವನು ಹೇಳೋದು ಸರಿಯೇ.

ನಾನು ಮೂರನೇ ಪಂಗಡ. ನನ್ನ ಕಣ್ಣು ಯಾವತ್ತೂ 2000ದ ಆಸುಪಾಸಿನ ಕಾರುಗಳ ಮೇಲೇ. ಫಿಯಟ್ ಪಾಲಿಯೊ 1.6 ಜಿಟಿಎಕ್ಸ್, 2004ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಹಳೇ ಹೋಂಡಾ ಸಿಟಿ 1.5 ವಿಟೆಕ್. ಅದು ರಸ್ತೆಗೆ ಬಂದಾಗ ನಾನಿನ್ನೂ ಅಂಗನವಾಡಿ ಮೆಟ್ಟಿಲೂ ಹತ್ತಿರಲಿಲ್ಲ ಅನ್ನಿ :)

ಅದರಲ್ಲಿ ಇರೋದು ಬರೀ 106 ಬಿಎಚ್‌ಪಿ. ಆದರೆ ಅದು ಬರೋ ರೀತಿ ನೋಡಬೇಕು. ಕ್ಯಾಮ್‌ಶಾಫ್ಟಿನ ಮೇಲೆ ಎರಡು ಬಗೆಯ ಉಬ್ಬುಗಳಿರುತ್ತವೆ. ನಿಧಾನಕ್ಕೆ ಹೋಗುವಾಗ ಚಿಕ್ಕ ಉಬ್ಬು ವಾಲ್ವ್ ತೆಗೆಯುತ್ತೆ. ಆರ್‌ಪಿಎಂ ಮೇಲೇರಿದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ನು ಸರಿದು, ದೊಡ್ಡ ಉಬ್ಬಿಗೆ ಕೆಲಸ ವಹಿಸುತ್ತೆ. ವಾಲ್ವ್ ಹೆಚ್ಚು ತೆರೆಯುತ್ತೆ, ಹೆಚ್ಚು ಹೊತ್ತು ತೆರೆದಿರುತ್ತೆ. ಎಂಜಿನ್ ದನಿಯೇ ಬದಲಾಗುತ್ತೆ! ಟರ್ಬೊ ಕಾರು ಮೊದಲೇ ತಟ್ಟೆ ತುಂಬಾ ಬಡಿಸಿಬಿಡುತ್ತೆ. ಇದು ಹಾಗಲ್ಲ, ಕೊನೆಗೆ ಒಬ್ಬಟ್ಟು ಇಡೋ ಜಾತಿ. ತೂಕವೂ ಹೆಚ್ಚುಕಮ್ಮಿ ಒಂದು ಟನ್ ಅಷ್ಟೇ. ಹಾಗಾಗಿ ಮಿತಿಯೊಳಗಿನ ವೇಗದಲ್ಲೇ ಓಡಿಸೋ ಖುಷಿ ಸಿಗುತ್ತೆ.

ಸರಿ, ಇಷ್ಟೆಲ್ಲ ಇಷ್ಟ ಇದ್ದರೆ ತಗೋಬಹುದಲ್ಲ ಅಂತೀರಾ? ಅಲ್ಲೇ ಇರೋದು ತೊಡಕು.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯ್ತು. ಇನ್ನೊಂದು ಕಡೆ, 2021ರ ನಿಯಮದ ಪ್ರಕಾರ 50 ವರ್ಷ ತುಂಬಿದ ಗಾಡಿ 'ವಿಂಟೇಜ್'. ಅದಕ್ಕೆ ಬೇರೆ ನಂಬರ್ ಪ್ಲೇಟು, ಬೇರೆ ಗೌರವ. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ-ರ‍್ಯಾಲಿಗಳಿಗೆ ಮಾತ್ರ.

ಅಂದ್ರೆ 2001ರ ಸಿಟಿಗೆ ಗೌರವ ಸಿಗೋದು 2051ಕ್ಕೆ! ಪಾಂಡವರದ್ದಾದರೂ ಹದಿಮೂರೇ ವರ್ಷ, ಇದರದ್ದು ಮೂವತ್ತೈದು ವರ್ಷದ ವನವಾಸ. ಅಲ್ಲಿವರೆಗೂ ಅದು ಕಾನೂನಿನ ಕಣ್ಣಲ್ಲಿ ಬರೀ 'ಹಳೇ ಗಾಡಿ'. ಅಷ್ಟರಲ್ಲಿ ಎಷ್ಟು ಉಳಿದಿರುತ್ತೋ! ಪದ್ಮಿನಿಯನ್ನ ಉಳಿಸೋಕೆ ಜನ ಇದಾರೆ. ಸಿಟಿ, ಪಾಲಿಯೊಗಳು ಸದ್ದಿಲ್ಲದೆ ಗುಜರಿಗೆ ಹೋಗ್ತಿವೆ.

ಜರ್ಮನಿಯಲ್ಲಿ 30 ವರ್ಷದ, ಮೂಲ ಸ್ಥಿತಿಯಲ್ಲಿರೋ ಕಾರಿಗೆ 'ಎಚ್' ಪ್ಲೇಟ್ ಸಿಗುತ್ತೆ, ದಿನಾ ಓಡಿಸಬಹುದು. ನಮಗೂ ಅಂಥದ್ದೊಂದು ಮಧ್ಯದ ಮೆಟ್ಟಿಲು ಬೇಕು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕಲಿ, ಹೊಗೆ ಪರೀಕ್ಷೆ ಬಿಗಿ ಮಾಡಲಿ, ಒಪ್ಪೋಣ.

ಹಾಗಂತ ಎದುರು ವಾದ ಸುಳ್ಳಲ್ಲ. ಆ ಕಾಲದ ಬಹುತೇಕ ಕಾರುಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. 2020ರಲ್ಲಿ ಬಂದ ಬಿಎಸ್-6 ಕಾರಿನಷ್ಟು ಶುಚಿಯಾದ ಹೊಗೆಯನ್ನ ಅವು ಬಿಡೋದೂ ಇಲ್ಲ. ಮನೆಯವರನ್ನ ಕೂರಿಸಿಕೊಂಡು ಹೈವೇಗೆ ಹೋಗೋಕೆ ನಾನೂ ಹೊಸ ಕಾರನ್ನೇ ಆರಿಸ್ತೀನಿ. ಆದರೆ ಭಾನುವಾರ ಮುಂಜಾನೆ ಇಪ್ಪತ್ತು-ಮೂವತ್ತು ಕಿಲೋಮೀಟರ್ ಓಡೋ ಕಾರು ಊರಿನ ಗಾಳಿಯನ್ನ ಎಷ್ಟು ಕೆಡಿಸೀತು?

ಕೊಳ್ಳೋ ಮನಸ್ಸಿರೋರಿಗೆ ನಮ್ಮ ಗುಂಪಿನಲ್ಲಿ ಎಲ್ಲರೂ ಒಪ್ಪಿದ ಏಕೈಕ ಮಾತು ಹೇಳ್ತೀನಿ: ಮಾಡಿಫೈ ಮಾಡಿದ ಕಾರಿಗಿಂತ ಕಂಪನಿಯಿಂದ ಬಂದ ಹಾಗೇ ಇರೋದನ್ನ ಹುಡುಕಿ. ಅಡಿಭಾಗದ ತುಕ್ಕು ನೋಡಿ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಕೇಳಿ. ಆರ್‌ಸಿ ಅವಧಿಯನ್ನ ಎಲ್ಲಕ್ಕಿಂತ ಮೊದಲು ನೋಡಿ. ಬಿಡಿಭಾಗಕ್ಕೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ.

ನಾನಂತೂ ಹುಡುಕ್ತಾ ಇದೀನಿ. "ಆ ದುಡ್ಡಿಗೆ ಒಂದು ಚಿನ್ನದ ಸರ ಬರುತ್ತಿತ್ತು" ಅಂತ ಅಮ್ಮ ಈಗಾಗಲೇ ಶುರು ಮಾಡಿದ್ದಾಳೆ. ಇರಲಿ. ಚಿನ್ನ ಮುಂದೆಯೂ ಸಿಗುತ್ತೆ, ಈ ಕಾರು ಸಿಗಲ್ಲ.

ನಿಮ್ಮೂರಿನಲ್ಲಿ ಯಾರ ಮನೆ ಶೆಡ್ಡಿನಲ್ಲಾದರೂ ಧೂಳು ತಿನ್ನುತ್ತಾ ನಿಂತಿದ್ದರೆ ಹೇಳಿ ಮಾರಾಯ್ರೆ!